ನೊಣ ತೋರಿದ ಬಾಗಿಲು

ಈಥರ್ ಸೋಂಕಿದೊಡನೆ ಕಾಲು ಕುಣಿಸುವ ಹಣ್ಣಿನ ನೊಣವೊಂದು ಮನುಷ್ಯನ ಜೀವವನ್ನು ಕಾದೀತೆಂದರೆ ನಂಬುವವರಾರು? ಆ ಕುಣಿತಕ್ಕೆ ಕಾರಣವಾದ ವಂಶವಾಹಿಯ ಜಾಡು ಹಿಡಿದು ಹೊರಟ ವಿಜ್ಞಾನಿಗಳು 1994ರಲ್ಲಿ ಅದರ ಮಾನವ ಬಂಧುವನ್ನು ಪ್ರಕಟಿಸಿದರು. ಅದರ ಹೆಸರು ಹರ್ಗ್.

ಹರ್ಗ್ ರೂಪಿಸುವ ಪ್ರೋಟೀನು ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವ ಬಾಗಿಲು. ಪ್ರತಿ ಬಡಿತದಲ್ಲಿಯೂ ಈ ಹರಿವು ಸರಾಗವಾದರೆ ಮಾತ್ರ ಹೃದಯವು ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಬಾಗಿಲಿಗೆ ಅಡ್ಡಿಯಾಯಿತೋ, ತಾಳ ತಪ್ಪಿ ಪ್ರಾಣವೇ ಹೋದೀತು.

ಅಲರ್ಜಿಗೆಂದು ನುಂಗುತ್ತಿದ್ದ ಟರ್ಫೆನಡೀನ್ ಗುಳಿಗೆ, ಬೇರೆ ಕೆಲವು ಮದ್ದುಗಳೊಡನೆ ಸೇರಿದಾಗ, ಮಾಡಿದ್ದು ಇದನ್ನೇ. 1998ರಲ್ಲಿ ಅದನ್ನು ಅಮೆರಿಕದ ಪೇಟೆಯಿಂದ ಹಿಂದೆಗೆಯಲಾಯಿತು.

ಈಗ ಪ್ರಯೋಗಶಾಲೆಗಳಲ್ಲಿ ಹರ್ಗನ್ನು ಅನ್ಯ ಜೀವಕೋಶಗಳಿಗೆ ಸೇರಿಸಿ, ಅವುಗಳಲ್ಲಿಯೇ ಆ ಬಾಗಿಲನ್ನು ಬೆಳೆಸುತ್ತಾರೆ. ಹೊಸ ಮದ್ದು ಅದಕ್ಕೆ ಅಡ್ಡಿಯಾಗುವುದೇ ಎಂಬುದನ್ನು ವಿದ್ಯುತ್ ಪ್ರವಾಹವನ್ನಳೆದು ಅರಿಯುತ್ತಾರೆ. ಹೀಗೆ ರೋಗಿಯ ಹೃದಯ ಕೊಡಬೇಕಾಗಿದ್ದ ಪರೀಕ್ಷೆಯನ್ನು ಗಾಜಿನ ತಟ್ಟೆಯ ಜೀವಕೋಶಗಳೇ ಮೊದಲು ಕೊಡುತ್ತವೆ!