ಅಸ್ಕಟ್ನಿ ಬೆಟ್ಟಕ್ಕೆ ಮರಳಿದ ಹಗ್ಗ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದಲ್ಲಿ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ, ಊರೂರಿಗೂ ಹಬ್ಬಿದ್ದು ಒಂದು ಹಗ್ಗ ಮತ್ತು ಒಂದು ಕಾರಿನ ಎಂಜಿನ್ನಿನ ಬಲದಿಂದ. ವುಡ್‌ಸ್ಟಾಕ್ ಪಟ್ಟಣದ ವೈಟ್ ಕಪ್‌ಬೋರ್ಡ್ ಎಂಬ ವಸತಿಗೃಹದಲ್ಲಿ ಇಳಿದುಕೊಂಡಿದ್ದ ನ್ಯೂಯಾರ್ಕಿನ ಕೆಲವರು, ಕ್ಷಣಮಾತ್ರದ ಜಾರಾಟಕ್ಕಾಗಿ ಮತ್ತೆ ಮತ್ತೆ ಗುಡ್ಡ ಹತ್ತಬೇಕಾದ ಕಷ್ಟವನ್ನು ಹೇಳಿಕೊಂಡಾಗ, ಅದರ ಮಾಲೀಕರಾದ ರಾಯ್ಸ್ ದಂಪತಿ ಡೇವಿಡ್ ಡಾಡ್ ಎಂಬ ಕುಶಲಕರ್ಮಿಯನ್ನು ಹಿಡಿದು, ಕ್ಲಿಂಟನ್ ಗಿಲ್ಬರ್ಟ್ ಎಂಬ ರೈತನ ಹುಲ್ಲುಗಾವಲನ್ನು ಬಾಡಿಗೆಗೆ ಪಡೆದು, 1934ರ ಜನವರಿಯಲ್ಲಿ ಅಮೆರಿಕದ ಮೊದಲ 'ರೋಪ್ ಟೋ' ನಡೆಸಿದರು. ಇಂಥದೊಂದು ಯಂತ್ರ ಕೆನಡಾದ ಕ್ವಿಬೆಕ್‌ನಲ್ಲಿ ಆಗಲೇ ಓಡುತ್ತಿತ್ತು.

ರೋಪ್ ಟೋ ಎಂದರೆ ಗುಡ್ಡದ ಬುಡದಿಂದ ತಲೆಯವರೆಗೆ ಬಾವಿಯ ರಾಟೆಯಂತಹ ಗಾಲಿಗಳ ಮೇಲೆ ಸುತ್ತುತ್ತಲೇ ಇರುವ ತುದಿಯಿಲ್ಲದ ಹಗ್ಗ. ವುಡ್‌ಸ್ಟಾಕ್‌ನಲ್ಲಿ ಅದನ್ನು ಎಳೆದದ್ದು ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್. ಓಡುವ ಹಗ್ಗವನ್ನು ಫಕ್ಕನೆ ಹಿಡಿದವನು ಮುಗ್ಗರಿಸಿ ಬೀಳುತ್ತಿದ್ದನಾದ್ದರಿಂದ, ಅಂಗೈಯಲ್ಲಿ ಮೊದಲು ಜಾರಗೊಟ್ಟು ಹಿಡಿತವನ್ನು ಮೆಲ್ಲಮೆಲ್ಲನೆ ಬಿಗಿ ಮಾಡುವುದು ಅಲ್ಲಿಯ ಮಕ್ಕಳು ಕಲಿಯುತ್ತಿದ್ದ ಮೊದಲ ಪಾಠ. ನೀರು ಕುಡಿದ ಹಗ್ಗ ಭಾರವಾಗಿ ತೋಳನ್ನು ಜಗ್ಗುತ್ತಿತ್ತು. ಕೈಗವಸಿನ ಅಂಗೈ ಬೇಗನೆ ಸವೆದು ತೂತು ಬೀಳುತ್ತಿತ್ತು. ಆದರೂ ಇಳಿಜಾರು ಹೊಲ ಮತ್ತು ಹಳೆಯ ಎಂಜಿನ್ ಇದ್ದ ಯಾವ ಊರಿಗೂ ಇದು ನಿಲುಕುತ್ತಿದ್ದುದೇ ಇದರ ದೊಡ್ಡ ಗುಣ.

ಮುಂದಿನ ದಶಕಗಳಲ್ಲಿ ಹುಟ್ಟಿದ ನೂರಾರು ಪುಟ್ಟ ತಾಣಗಳನ್ನು, ಜನರನ್ನು ದೂರದ ದೊಡ್ಡ ತಾಣಗಳಿಗೆ ಒಯ್ದ ಹೆದ್ದಾರಿ, ಕೃತಕ ಹಿಮದ ಯಂತ್ರಗಳ ವೆಚ್ಚ ಮತ್ತು ಹಿಮವಿಲ್ಲದ ಚಳಿಗಾಲಗಳು ಒಂದೊಂದಾಗಿ ನುಂಗಿದವು. ಸ್ಟ್ರಾಟನ್ ಎಂಬ ದೊಡ್ಡ ತಾಣದಲ್ಲಿ ಬಿದ್ದು ಅಂಗವಿಕಲನಾದ ತರುಣನಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು 1977ರಲ್ಲಿ ತೀರ್ಪಾದ ಮೇಲೆ ವಿಮೆಯ ಕಂತು ಏರಿ, ಸಣ್ಣವರ ಬೆನ್ನು ಮುರಿಯಿತು. ವರ್ಮಾಂಟ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಹೀಗೆ ಕಣ್ಮರೆಯಾದ ತಾಣಗಳನ್ನು 1998ರಿಂದ ಪಟ್ಟಿ ಮಾಡುತ್ತ ಬಂದಿರುವ 'ನ್ಯೂ ಇಂಗ್ಲೆಂಡ್ ಲಾಸ್ಟ್ ಸ್ಕೀ ಏರಿಯಾಸ್ ಪ್ರಾಜೆಕ್ಟ್' 600ಕ್ಕೂ ಹೆಚ್ಚು ಹೆಸರುಗಳನ್ನು ಕಲೆಹಾಕಿದೆ.

ಆ ಸಾಲಿಗೆ ಸೇರಿಯೂ ಎದ್ದು ಬಂದದ್ದು ವೆಸ್ಟ್ ವಿಂಡ್ಸರ್ ಊರಿನ ಅಸ್ಕಟ್ನಿ ಬೆಟ್ಟ. 1946ರಲ್ಲಿ ರೋಪ್ ಟೋಗಳಿಂದ ಶುರುವಾದ ಈ ತಾಣ ಹಲವರ ಕೈ ಬದಲಾಗಿ, ಹೋಟೆಲು ಕಟ್ಟಿ, ಬೆಟ್ಟದ ಮೇಲ್ಭಾಗಕ್ಕೆ ಒಯ್ಯುವ, ನಾಲ್ವರು ಕೂರುವ ಆಸನಗಳು ತಂತಿಯಲ್ಲಿ ತೂಗುತ್ತ ಸಾಗುವ ವೇಗದ ಚೇರ್‌ಲಿಫ್ಟ್ ತಂದು, ಪ್ರತಿ ವಿಸ್ತರಣೆಯ ಬೆನ್ನಿಗೂ ಸಾಲದಲ್ಲಿ ಮುಳುಗಿ, 2010ರಲ್ಲಿ ಬಾಗಿಲು ಮುಚ್ಚಿತು. ಚೇರ್‌ಲಿಫ್ಟನ್ನು ಕಳಚಿ ನ್ಯೂ ಹ್ಯಾಂಪ್‌ಶೈರ್‌ನ ಕ್ರಾಚೆಡ್ ಮೌಂಟನ್‌ಗೆ ಸಾಗಿಸಲಾಯಿತು. ಊರಿನ ದಿನಸಿ ಅಂಗಡಿಯೂ ಮುಚ್ಚಿತು. ತಲೆಮಾರುಗಳ ಮಕ್ಕಳು ಜಾರಲು ಕಲಿತ ಬೆಟ್ಟವೊಂದು ಸಾಲ ಕೊಟ್ಟವರ ಲೆಕ್ಕಪುಸ್ತಕದ ಬಾಬ್ತಾಗಿ ಹೋದದ್ದು ಸಹಿಸಲಾಗದ ಸಂಗತಿ.

ಊರಿನವರು ಸಹಿಸಲೂ ಇಲ್ಲ. ಹೊಸ ಬಂಡವಾಳಗಾರನಿಗಾಗಿ ಕಾಯುವ ಬದಲು, 'ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್' ಎಂಬ ಭೂಸಂರಕ್ಷಣಾ ಸಂಸ್ಥೆಯ ನೆರವಿನಿಂದ ಬೆಟ್ಟದ 469 ಎಕರೆಯನ್ನು ಕೊಂಡು ಊರಿನ ಅರಣ್ಯಕ್ಕೆ ಸೇರಿಸಲು ನಿಶ್ಚಯಿಸಿ, ಆ ಖರೀದಿಗೆ ಊರಿನ ಬೊಕ್ಕಸದಿಂದ ಹಣ ಕೊಡಲು 2014ರಲ್ಲಿ ಮತದಾರರು ಒಪ್ಪಿದರು. ಇಲ್ಲಿ ಎದ್ದು ಕಾಣುವ ವಿವೇಕವೆಂದರೆ, ಬೆಟ್ಟದ ನೆಲ ಎಲ್ಲರದಾಯಿತು, ಜಾರಾಟ ನಡೆಸುವ ಹೊಣೆ ಮಾತ್ರ 'ಅಸ್ಕಟ್ನಿ ಔಟ್‌ಡೋರ್ಸ್' ಎಂಬ ಲಾಭದ ಗುರಿಯಿಲ್ಲದ ಸಂಸ್ಥೆಗೆ ಹೋಯಿತು.

ದಾನಿಗಳ ಹಣ, ಸ್ವಯಂಸೇವಕರ ದುಡಿಮೆಗಳಿಂದ ಆ ಸಂಸ್ಥೆ ಮೊದಲು ಮರಳಿ ತಂದದ್ದು ರೋಪ್ ಟೋವನ್ನೇ. 2020ರಲ್ಲಿ ಟಿ-ಬಾರ್ ಬಂತು. ಇದು ತಲೆಕೆಳಗಾದ ಟಿ ಅಕ್ಷರದಂತಹ ಕಂಬಿಗೆ ಇಬ್ಬರು ಒರಗಿ, ಸ್ಕೀ ಮೇಲೆ ನಿಂತೇ ಏರುವ ಯಂತ್ರ. ಇದು ಬೆಟ್ಟದ ಕೆಳಭಾಗಕ್ಕೆ ಮಾತ್ರ ಸೀಮಿತ. ಅದಕ್ಕೂ ಮೇಲೆ ಹೋಗಬೇಕೆನ್ನುವವರು ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ 'ಸ್ಕಿನ್' ಎಂಬ ಒರಟು ಪಟ್ಟಿ ಅಂಟಿಸಿಕೊಂಡು ತಾವೇ ಹತ್ತುತ್ತಾರೆ. ಕೃತಕ ಹಿಮ ಇಲ್ಲಿಲ್ಲ. ಹಿಮ ಬೀಳದ ವಾರ ಟಿ-ಬಾರ್ ಸುಮ್ಮನೆ ನಿಂತಿರುತ್ತದೆಯಾದರೂ, ಹಿಂದಿನ ಮಾಲೀಕರನ್ನು ಮುಳುಗಿಸಿದಂತಹ ಸಾಲದ ಹೊರೆ ಈಗಿಲ್ಲ. ಹಿಮ ಕರಗಿದ ಮೇಲೆ ಅದೇ ಕಾಡಿನ ಜಾಡುಗಳಲ್ಲಿ ಸೈಕಲ್ ಸವಾರರು ಓಡಾಡುತ್ತಾರೆ, ಮತ್ತು ಮುಚ್ಚಿಹೋಗಿದ್ದ ಅಂಗಡಿಯೂ ಊರವರ ಪ್ರಯತ್ನದಿಂದ ಮತ್ತೆ ತೆರೆದಿದೆ.