ಬಲವಂತದ ಪ್ರಾರ್ಥನೆಗೆ ಹುಡುಗರ ಉತ್ತರ

ಡ್ರೂಯಿಡರೆಂದರೆ ಹಳೆಯ ಬ್ರಿಟನ್, ಐರ್ಲೆಂಡ್, ಗಾಲ್ ನಾಡುಗಳ ಕೆಲ್ಟಿಕ್ ಜನರ ಪುರೋಹಿತರು. ತಮ್ಮ ವಿದ್ಯೆಯನ್ನು ಬರೆದಿಡದೆ ಬಾಯಿಪಾಠ ಮಾಡಿಸುತ್ತಿದ್ದರೆಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ನಮ್ಮ ವೇದಪಾಠದವರ ಹಾಗೆ ಅನ್ನಿ. ಬರೆದಿಡದ್ದರಿಂದ ಅವರ ಮಂತ್ರಗಳು ಅವರೊಂದಿಗೇ ಹೋದುವು. ಈಗ ಡ್ರೂಯಿಡರೆಂದು ಹೇಳಿಕೊಳ್ಳುವವರದು 18ನೇ ಶತಮಾನದಿಂದೀಚೆಗೆ ಕಟ್ಟಿಕೊಂಡ ಪಂಥ. ಅದರಲ್ಲೊಂದು ಶಾಖೆ ಹುಟ್ಟಿದ್ದು ಕಾಡಿನಲ್ಲಲ್ಲ, ಕಾಲೇಜಿನಲ್ಲಿ. ನಮಗೆ ಕುತೂಹಲ ಹುಟ್ಟಬೇಕಾದದ್ದು ಅಲ್ಲಿಯೇ.

ಅಮೆರಿಕದ ಮಿನೆಸೋಟ ರಾಜ್ಯದ ನಾರ್ತ್‌ಫೀಲ್ಡಿನಲ್ಲಿರುವ ಕಾರ್ಲ್‌ಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಪ್ರಾರ್ಥನಾ ಸಭೆಗಳಿಗೆ ಹಾಜರಾಗಲೇಬೇಕೆಂಬ ನಿಯಮವಿತ್ತು. ಯಾವ ಧರ್ಮದ ಸಭೆಯಾದರೂ ಆದೀತು, ಹಾಜರಿ ಮಾತ್ರ ಬೇಕು! ಎಷ್ಟು ಉದಾರವಾಗಿ ಕಾಣುತ್ತದೆ ನೋಡಿ. ಆದರೆ ದೇವರನ್ನೇ ನಂಬದವನು, ನಂಬಿದ್ದರೂ ಸಭೆಯಲ್ಲಿ ಕೈಮುಗಿಯಲು ಒಪ್ಪದವನು ಎಲ್ಲಿಗೆ ಹೋಗಬೇಕು?

1963ರಲ್ಲಿ ಕೆಲವು ಹುಡುಗರು ಇದಕ್ಕೊಂದು ಉಪಾಯ ಹೂಡಿದರು. ಘೋಷಣೆ ಕೂಗಲಿಲ್ಲ, ಧರಣಿ ಕೂರಲಿಲ್ಲ. ‘ನಾವು ಡ್ರೂಯಿಡರು, ಗುಡ್ಡದ ಮೇಲೆ ಮರದ ಕೆಳಗೆ ಸೇರುವುದೇ ನಮ್ಮ ಪ್ರಾರ್ಥನೆ’ ಅಂದುಬಿಟ್ಟರು. ಹೆಸರು, ‘ರಿಫಾರ್ಮ್ಡ್ ಡ್ರೂಯಿಡ್ಸ್ ಆಫ್ ನಾರ್ತ್ ಅಮೆರಿಕ’. ಈಗ ಆಡಳಿತದವರದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ಆ ಹಾಜರಿಯನ್ನು ಒಪ್ಪಿಕೊಂಡರೆ ನಿಯಮವೇ ನಗೆಪಾಟಲು. ಒಪ್ಪದಿದ್ದರೆ ‘ಯಾವ ಧರ್ಮವಾದರೂ ಸರಿ’ ಎಂದ ಮಾತು ಸುಳ್ಳು. ಯಾವುದು ಧರ್ಮ, ಯಾವುದಲ್ಲ ಅಂತ ತೀರ್ಮಾನಿಸುವ ಅಧಿಕಾರ ಕಾಲೇಜಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ.

1964ರಲ್ಲಿ ನಿಯಮ ರದ್ದಾಯಿತು. ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬಲವಂತ ಹೋದ ಮೇಲೂ ಕೆಲವರು ಗುಡ್ಡಕ್ಕೆ ಹೋಗುತ್ತಲೇ ಇದ್ದರು. ಸತ್ಯಕ್ಕಿರುವ ಹಲವು ದಾರಿಗಳಲ್ಲಿ ಪ್ರಕೃತಿಯೂ ಒಂದು ಎನ್ನುವುದಕ್ಕಿಂತ ಹೆಚ್ಚಿನ ಸಿದ್ಧಾಂತ ಅವರಿಗಿರಲಿಲ್ಲ. ಬೇರೆ ಧರ್ಮ ಬಿಟ್ಟು ಬಾ ಅಂತ ಯಾರಿಗೂ ಹೇಳುತ್ತಿರಲಿಲ್ಲ. ನನಗೆ ನಿಯಮ ಮುರಿದದ್ದಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಸಂವಿಧಾನದ 28ನೇ ವಿಧಿಯ 3ನೇ ಖಂಡ ಇದೇ ಮಾತನ್ನು ಕಾನೂನಾಗಿ ಹೇಳುತ್ತದೆ. ಸರಕಾರದ ಮಾನ್ಯತೆಯೋ ಧನಸಹಾಯವೋ ಇರುವ ವಿದ್ಯಾಸಂಸ್ಥೆ ತನ್ನ ವಿದ್ಯಾರ್ಥಿಯನ್ನು ಅವನ ಒಪ್ಪಿಗೆಯಿಲ್ಲದೆ ಪೂಜೆ-ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅವನು ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಬೇಕು. ಓದಿದವರು ನಮ್ಮಲ್ಲಿ ಎಷ್ಟು ಜನರೋ!

ಹಾಗಂತ ನಗೆಯ ಅಸ್ತ್ರ ಎಲ್ಲಾ ಕಡೆ ನಡೆಯೋದಿಲ್ಲ. ಇಂಗ್ಲೆಂಡಿನ ಡ್ರೂಯಿಡರು ಉತ್ತರಾಯಣ ಮುಗಿಯುವ ಜೂನ್ ದಿನ ಸ್ಟೋನ್‌ಹೆಂಜ್ ಕಲ್ಲುಗಳ ನಡುವೆ ಸೂರ್ಯೋದಯ ನೋಡುವವರು. ಅದೇ ಹೊತ್ತಿಗೆ ಅಲ್ಲಿ ಅಲೆಮಾರಿ ತರುಣರ ಉಚಿತ ಉತ್ಸವವೂ ನಡೆಯುತ್ತಿತ್ತು. 1985ರ ಜೂನ್ 1ರಂದು ಪೊಲೀಸರು ಉತ್ಸವಕ್ಕೆ ಹೊರಟವರನ್ನು ದಾರಿಯಲ್ಲೇ ತಡೆದು 500ಕ್ಕೂ ಹೆಚ್ಚು ಜನರನ್ನು ಹಿಡಿದರು. ಆಮೇಲೆ ಹಲವು ವರ್ಷ ಆ ದಿನ ಕಲ್ಲುಗಳ ಬಳಿ ಜನ ಸೇರದಂತೆ ಕಾವಲು. 1995ರಲ್ಲಿ ಹತ್ತಿರದ ರಸ್ತೆಯಂಚಿನಲ್ಲಿ ಸುಮ್ಮನೆ ನಿಂತಿದ್ದ ಇಬ್ಬರು ಪ್ರತಿಭಟನಕಾರರ ಮೇಲೆ ಮೊಕದ್ದಮೆ ಹೂಡಿದರು. ಯಾರಿಗೂ ಅಡ್ಡಿಯಾಗದೆ ಶಾಂತವಾಗಿ ಸೇರುವುದೂ ಸಾರ್ವಜನಿಕ ರಸ್ತೆಯ ನ್ಯಾಯವಾದ ಬಳಕೆಯೇ ಎಂದು 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಅದೂ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ! ಮರುವರ್ಷ, 2000ದ ಜೂನ್‌ನಲ್ಲಿ, ಕಲ್ಲುಗಳ ನಡುವೆ ನಿಂತು ಸೂರ್ಯೋದಯ ನೋಡಲು ಜನರನ್ನು ಮತ್ತೆ ಬಿಟ್ಟರು.