ಇನ್‌ಲೈನ್ ಸ್ಕೇಟಿಂಗ್: ಮಣಿಕಟ್ಟಿನ ಬಗ್ಗೆ ಎಚ್ಚರವಿರಲಿ

ಹಿಮದ ಮೇಲೆ ಸ್ಕೀ ಮಾಡುವವರು ಬೇಸಿಗೆಯಲ್ಲಿ ಇನ್‌ಲೈನ್ ಸ್ಕೇಟಿಂಗ್ ಅಭ್ಯಾಸ ಮಾಡುವುದುಂಟು. ಮಂಡಿ ಬಗ್ಗಿಸಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವ ಕ್ರಮ ಎರಡರಲ್ಲೂ ಇದೆ. ಇದರಿಂದ ತೊಡೆ, ಸೊಂಟದ ಸ್ನಾಯುಗಳು ಬಲಗೊಂಡು ಸಮತೋಲನ ಸುಧಾರಿಸುತ್ತದೆ.

ಹಿಮವೇ ಬೀಳದ ಚೆನ್ನೈನಲ್ಲಿ ಮಕ್ಕಳು ಇದನ್ನು ಕ್ರೀಡೆಯಾಗಿಯೇ ಕಲಿಯುತ್ತಾರೆ. ಇಲ್ಲಿನ ಆನಂದ್‌ಕುಮಾರ್ ವೇಲ್‌ಕುಮಾರ್ 2025ರಲ್ಲಿ ವಿಶ್ವ ಸ್ಪೀಡ್ ಸ್ಕೇಟಿಂಗ್ ಚಾಂಪಿಯನ್‌ಷಿಪ್‌ನ 1000 ಮೀಟರ್ ಸ್ಪ್ರಿಂಟ್‌ನಲ್ಲಿ ಚಿನ್ನ ಗೆದ್ದರು.

ಅಪಾಯವೇನು?
ಬೀಳುವಾಗ ಎಲ್ಲರೂ ಕೈ ಊರುತ್ತಾರೆ. ಆದ್ದರಿಂದ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ. ಹೆಲ್ಮೆಟ್ ಜೊತೆಗೆ ಮಣಿಕಟ್ಟು, ಮೊಣಕೈ, ಮಂಡಿಗೆ ಗಾರ್ಡ್ ಹಾಕಿಸಿ. ಬಿಸಿಲೇರುವ ಮುನ್ನವೇ ಅಭ್ಯಾಸ ಮುಗಿಸಿ, ನೀರು ಕುಡಿಸುತ್ತಿರಿ.

ಬಿದ್ದರೆ ಏನು ಮಾಡಬೇಕು?
ಬೆರಳು ಆಡಿಸಲು ಬಂದ ಮಾತ್ರಕ್ಕೆ ಮೂಳೆ ಮುರಿದಿಲ್ಲ ಎನ್ನಲಾಗದು. ಊತ, ನೋವು ಇದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ನಾಟಿ ಕಟ್ಟು ಹಾಕಿಸಬೇಡಿ. ಕೈಗೆ ಆಸರೆ ಕೊಟ್ಟು ಎಕ್ಸ್-ರೇ ಮಾಡಿಸಿ. ಮಕ್ಕಳ ಮೂಳೆಯ ಬೆಳೆಯುವ ಭಾಗಕ್ಕೆ ಪೆಟ್ಟಾದರೆ ಮುಂದೆ ಕೈ ಸೊಟ್ಟಗಾಗಬಹುದು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.

ಮಂಡಿ ಶಸ್ತ್ರಚಿಕಿತ್ಸೆಯಾದವರು, ಮೂಳೆ ಸವೆತ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ.